ಒಂಬತ್ತನೇ ಕಲಂ

ಅಡುಗೆಮನೆಯ ತಕ್ಕಡಿಯಲ್ಲಿ ಇವತ್ತು ಹಿಟ್ಟಿಲ್ಲ,
ಕಾಲುಚೀಲ ಇದೆ. ಆಮೇಲೆ ಟಾರ್ಚು. ಆಮೇಲೆ ಸೋಪಿನ ಚೂರು.
ಥೋರಾ ಕನ್ನಡಕ ಹಣೆಗೇರಿಸಿ ಗ್ರಾಮು ಓದುತ್ತಾಳೆ,
ನಾನು ಬರೆದುಕೊಳ್ಳುತ್ತೇನೆ,
ಶಾಲೆ ಬಸ್ಸಿನ ಹಾಜರಿ ಪುಸ್ತಕದ ಹಿಂಬದಿಯಲ್ಲಿ.

ಹೊರಗೆ ಡೋವರ್ ಬಂದರಿನ ಮೇಲೆ ಜುಲೈ ತಿಂಗಳ ಹಗಲು
ಐದಕ್ಕೆಲ್ಲ ಅಂಗಡಿ ಮುಚ್ಚಿದೆ.
ಹೊರಡುವುದು ಜನವರಿಯಲ್ಲಿ, ಮಕ್ಕಳಿಗೆ ರಜೆ ಇದ್ದಾಗ.
ಇದು ತಾಲೀಮು.
ಎಂಟು ಹಗಲು, ಏಳು ರಾತ್ರಿ,
ಟಾಸ್ಮೇನಿಯಾದ ತೆಂಕಣ ಅಂಚು ಹಿಡಿದು.
ಅದರಾಚೆ ಬರೀ ನೀರು. ನೀರು ಮುಗಿದಲ್ಲಿ ಹಿಮ.

ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕೊಯ್ದಳು ಥೋರಾ
ಮೀನು ಸೀಳುವ ಚಾಕುವಿನಿಂದ. ಮೂರು ಗ್ರಾಮು ಉಳಿತಾಯ.
ಮಲಗುವ ಚಾಪೆಯಿಂದಲೂ ಒಂದು ಗೇಣು ಹೋಯಿತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಆರಡಿ ಎತ್ತರದ ಥೋರಾಳನ್ನು ನೋಡಿರಲಿಕ್ಕಿಲ್ಲ.

ನಕಾಶೆ ಬಿಡಿಸಿದರೆ ಮೇಜು ಸಾಲದು.
ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ಜಾಮಿನ ಬಾಟಲಿ.
ಕಂದು ಗೆರೆಗಳು ದೂರ ದೂರ ಇದ್ದಲ್ಲಿ ಕೆಸರು,
ಮಂಡಿಯವರೆಗೆ, ಜಿಗಣೆ ಸಮೇತ.
ಹೆಬ್ಬೆಟ್ಟಿನ ಗುರುತಿನಂತೆ ಒತ್ತೊತ್ತಾಗಿದ್ದಲ್ಲಿ ಬೆಟ್ಟ.
ಥೋರಾ ಅಲ್ಲಿ ಬೆರಳಿಟ್ಟು ಸುಮ್ಮನಿದ್ದಾಳೆ.
ಅವಳ ಎಡಮಂಡಿಯ ವಿಷಯ ನಾವು ಎತ್ತುವುದಿಲ್ಲ.
'ಐದನೇ ದಿನ' ಅನ್ನುತ್ತಾಳೆ.
'ಐದೂವರೆ' ಎಂದು ಬರೆದುಕೊಳ್ಳುತ್ತೇನೆ.

ಬೆಟ್ಟ ಇಳಿದರೆ ಹಿನ್ನೀರು.
ಸೇತುವೆ ಇಲ್ಲ. ಎರಡು ದೋಣಿ, ದಡಕ್ಕೊಂದು.
ದಾಟಿದವರು ಎರಡನ್ನೂ ಆಚೆಯೇ ಬಿಟ್ಟು ನಡೆಯಕೂಡದು.
ಹೋಗು, ಅಲ್ಲಿಯದನ್ನು ಕಟ್ಟಿಕೊಂಡು ಮರಳಿ ಬಾ,
ಒಂದನ್ನು ಬಿಟ್ಟು ಮತ್ತೆ ಹೋಗು.
ನಕಾಶೆಯ ನೀಲಿಯ ಮೇಲೆ ಎರಡು ಬೆಂಕಿಪೊಟ್ಟಣ ಇಟ್ಟು
ಆಡಿ ನೋಡಿದೆವು.
ಮೂರು ಸಲ ಹುಟ್ಟು ಹಾಕಿದರೆ ಒಂದು ಸಲ ದಾಟಿದ ಲೆಕ್ಕ.
'ಯಾರಿಗೋಸ್ಕರ?'
'ಹಿಂದೆ ಬರುವವರಿಗೆ.'
'ಯಾರೂ ಬರದಿದ್ದರೆ?'
ಥೋರಾ ಒಂದು ದೋಣಿ ಎತ್ತಿಕೊಂಡು
ಕಡ್ಡಿ ಗೀರಿ ಒಲೆ ಹಚ್ಚಿದಳು.

ಕೊನೆಗೆ ಉದ್ಯಾನ ಇಲಾಖೆಯ ನಮೂನೆ.
ಹೆಸರು, ವಯಸ್ಸು, ಡೇರೆಯ ಬಣ್ಣ, ಮಳೆಯಂಗಿಯ ಬಣ್ಣ
(ಮೇಲಿನಿಂದ ಹುಡುಕುವವರಿಗೆ ಅನುಕೂಲ).
ಒಂಬತ್ತನೇ ಕಲಂ:
ಹೇಳಿದ ದಿನ ನೀವು ಮರಳದಿದ್ದರೆ ನಮಗೆ ತಿಳಿಸುವವರು ಯಾರು?
ಯೋಚಿಸದೆ ಬರೆದೆ, ಥೋರಾ ವಿಗ್‌ಮೋರ್.
ತಲೆಯೆತ್ತಿದರೆ ಅವಳ ಕಾಗದದಲ್ಲಿ ನೆರಿಡಾ,
ನಂಬರಿನ ಸಮೇತ, ನೋಡದೇ ಬರೆದದ್ದು,
ಹದಿನೆಂಟು ವರ್ಷಗಳಿಂದ
ಹಲ್ಲಿನ ಡಾಕ್ಟರಿಗೆ, ಬ್ಯಾಂಕಿಗೆ, ಮಂಡಿಯ ಆಸ್ಪತ್ರೆಗೆ ಬರೆದುಕೊಟ್ಟ ಹಾಗೆ.

ನಕ್ಕೆವು.
ನಗುವನ್ನು ಎಲ್ಲಿ ಕೆಳಗಿಡಬೇಕೋ ತಿಳಿಯಲಿಲ್ಲ.
ಅವಳ ತಮ್ಮ ಪರ್ತ್‌ನಲ್ಲಿ, ಮಾತು ಬಿಟ್ಟು ಆರು ವರ್ಷ.
ನನ್ನ ಬಸ್ಸಿನ ಮಕ್ಕಳಿಗೆ
ನಾನಿಲ್ಲವೆಂದು ಗೊತ್ತಾಗುವುದು ಫೆಬ್ರವರಿಯಲ್ಲಿ.
ಸೋಪಿನ ಚೂರಿಗೆ ಅರ್ಧ ಗಂಟೆ ಜಗಳವಾಡಿದವರು
ಒಂದು ಹೆಸರಿಗಾಗಿ
ಕೆಟಲು ಕೂಗಿ ಕೂಗಿ ಆರುವವರೆಗೂ ಕೂತೆವು.

ಬೇಲಿಯಾಚೆ ಕ್ಲೈವ್ ಪೈಬಸ್ ಮನೆಯ ದೀಪ.
ಮೂರು ವರ್ಷದ ಹಿಂದೆ ಏಣಿ ಒಯ್ದು
ಈವರೆಗೆ ಕೊಡದ ಮನುಷ್ಯ.
ಥೋರಾ ಹೋಗಿ ಬಾಗಿಲು ತಟ್ಟಿದಳು.

ಬಂದ, ಮನೆಚಪ್ಪಲಿಯಲ್ಲೇ.
ತುಟಿಯಾಡಿಸುತ್ತ ಪೂರ್ತಿ ಓದಿದ.
'ಸಂಜೆ ಆರು ಅಂದರೆ,
ಆರರ ತನಕ ಕಾಯಲೋ, ಆರೂ ಐದಕ್ಕೆ ಫೋನು ಮಾಡಲೋ?'
ಇಂಥ ಪ್ರಶ್ನೆ ನಮ್ಮನ್ನು ಯಾರೂ ಕೇಳಿರಲಿಲ್ಲ.
ಥೋರಾ ಸಿಂಕಿನ ಕಡೆ ತಿರುಗಿ ತೊಳೆದ ಲೋಟವನ್ನೇ ತೊಳೆದಳು.
'ಆರೂ ಐದು' ಎಂದೆ ನಾನು.

ಸಹಿ ಹಾಕಿದ. ಏಣಿಯ ಮಾತು ಯಾರೂ ತೆಗೆಯಲಿಲ್ಲ.
ಹೋಗುವಾಗ ತಕ್ಕಡಿಯಿಂದ ಒಂದು ಬಿಸ್ಕತ್ತು ಎತ್ತಿಕೊಂಡು
ಬಾಗಿಲು ದಾಟುವಷ್ಟರಲ್ಲಿ ತಿಂದು ಮುಗಿಸಿದ.

ನಾಲ್ಕನೇ ದಿನದ್ದು ಅದು.
ಥೋರಾ ಕನ್ನಡಕ ಇಳಿಸಿ, ಬಗ್ಗಿ ನೋಡಿ,
'ಹನ್ನೊಂದು ಗ್ರಾಮು ಕಡಿಮೆ' ಎಂದಳು.
ಬರೆದುಕೊಂಡೆ.